ಕಡಿಮಿ ಆಗೇತ್ರಿ

ಬ್ಯಾಡಗಿಯ ಅರ್ಧ ಊರಿನ ಹೆಂಗಸರ ಮೈಮೇಲಿನ ಜಂಪರು ನಾನು ಹೊಲಿದದ್ದು. ಇದು ಜಂಬದ ಮಾತಲ್ಲ. ಬೇಕಾದರೆ ಕಂಕುಳ ಕೆಳಗಿನ ಹೊಲಿಗೆ ತಿರುವಿ ನೋಡಿ, ಎರಡು ಮಡಿಕೆ ಇದ್ದರೆ ಅದು ಶಾರದವ್ವನ ಕೈ. ಇಂಥ ನಾನು, ತೊಂಬತ್ತೊಂದನೇ ಇಸವಿಯಲ್ಲಿ, ಒಂದು ವರ್ಷದ ಮೇಲೆ ಮೈಮೇಲೆ ಜಂಪರು ತೊಡಲಾಗದೆ ಯಜಮಾನರ ಹಳೇ ಧೋತರವನ್ನು ಸಡಿಲವಾಗಿ ಸುತ್ತಿಕೊಂಡು, ಮೇಲೆ ಸೆರಗು ಹೊದ್ದು ಮಷೀನು ತುಳಿದೆ. ಅಳತೆ ಕೊಡಲು ಬಂದವರು ಮೊದಲು ನನ್ನನ್ನು ನೋಡುತ್ತಿದ್ದರು, ಆಮೇಲೆ ತಮ್ಮ ತಮ್ಮಲ್ಲೇ ನೋಡಿಕೊಳ್ಳುತ್ತಿದ್ದರು. ಮದುವೆಗೆ ಹೋಗುವಂತಿಲ್ಲ, ಸಂತೆಗೆ ಹೋಗುವಂತಿಲ್ಲ. ನನಗೆ ಬಂಗಾರ ಬೇಡ, ಸೀರೆ ಬೇಡ, ಒಂದು ಜಂಪರು ತೊಟ್ಟು ನಾಲ್ಕು ಜನರಲ್ಲಿ ಒಂದು ತಾಸು ಕುಳಿತುಕೊಳ್ಳುವಂತಾದರೆ ಸಾಕಾಗಿತ್ತು.

ಆದದ್ದು ಇಷ್ಟು. ಎಡಗಡೆ ಪಕ್ಕೆಯ ಸುತ್ತ ಸರ್ಪಸುತ್ತು ಎದ್ದಿತು. ಹಾವಿನ ತಲೆಗೂ ಬಾಲಕ್ಕೂ ಗಂಟು ಬಿದ್ದರೆ ಸತ್ತೇ ಹೋಗುತ್ತಾಳೆಂದು ನಮ್ಮ ಓಣಿಯವರು ನನ್ನೆದುರಿಗೇ ಹೇಳಿ ಧೈರ್ಯ ತುಂಬಿದರು. ಕಾಗಿನೆಲೆ ಕಡೆಯ ಮುದುಕನೊಬ್ಬ ಬಂದು ಕೆಮ್ಮಣ್ಣಿನಿಂದ ಹಾವು ಬರೆದು, ಅದರ ತಲೆಯ ಮುಂದೆ ಗೆರೆ ಎಳೆದು ಹೋದ. ಮೂರು ವಾರಕ್ಕೆ ಗುಳ್ಳೆಗಳು ಒಣಗಿ ಉದುರಿದವು. ಮುದುಕನಿಗೆ ಹೆಸರು ಬಂತು, ಯಜಮಾನರು ದೇವರಿಗೆ ಕಾಯಿ ಒಡೆಸಿದರು. ಹುಣ್ಣು ಹೋಯಿತು, ನೋವು ಹೋಗಲಿಲ್ಲ. ಗಾಳಿ ತಾಗಿದರೆ ಉರಿ, ಸೆರಗು ಸವರಿದರೆ ಉರಿ, ಜಂಪರಿನ ಬದಿ ಹೊಲಿಗೆ ತಾಗಿತೋ ಜೀವವೇ ಬಾಯಿಗೆ ಬರುತ್ತಿತ್ತು. ಹಸಿ ಗಾಯಕ್ಕೆ ಖಾರದ ಪುಡಿ ತುಂಬಿದ ಹಾಗೆ ಎಂದೆ. ಮೆಣಸಿನಕಾಯಿ ಊರಿನಲ್ಲಿ ಈ ಮಾತು ಯಾರಿಗೂ ವಿಶೇಷ ಅನ್ನಿಸಲಿಲ್ಲ.

ನಮ್ಮ ಯಜಮಾನರು ಪ್ರಭುಲಿಂಗಪ್ಪನವರು ಮೆಣಸಿನಕಾಯಿ ಪೇಟೆಯಲ್ಲಿ ರೈತರ ಮಾಲು ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟವರು. ರೈತ ಎಷ್ಟೇ ಆಣೆ ಮಾಡಿದರೂ ಚೀಲದ ಬುಡದ ತನಕ ಕೈ ಹಾಕಿ, ಕಾಯಿ ಮುರಿದು, ಮೂಸಿ, ಬೀಜ ಅಲುಗಾಡಿಸಿ ನೋಡದೆ ನಂಬುವವರಲ್ಲ. ಇಂಥ ಮನುಷ್ಯ ನನ್ನ ನೋವಿನ ವಿಷಯದಲ್ಲಿ ಮಾತ್ರ ನಮ್ಮೂರಿನ ಅಣ್ಣಾಜಿ ಡಾಕ್ಟರು ಹೇಳಿದ್ದನ್ನೆಲ್ಲ ಚೀಲ ಬಿಚ್ಚದೆ ಕೊಂಡುಕೊಂಡರು.

ನಮ್ಮಲ್ಲಿ ಹೆಂಗಸು ದವಾಖಾನೆಗೆ ಒಬ್ಬಳೇ ಹೋಗುವುದಿಲ್ಲ, ಜೊತೆಗೆ ಒಬ್ಬರು ಬೇಕು. ಜೊತೆಗೆ ಬಂದವರೇ ಮಾತಾಡಬೇಕು, ಇದೂ ರೂಢಿ. ಡಾಕ್ಟರು ಕೇಳುವುದು ಅವರನ್ನು, ಹೇಳುವವರೂ ಅವರು. ನಡುವೆ ನಾನು ತೂಕಕ್ಕೆ ಇಟ್ಟ ಚೀಲದ ಹಾಗೆ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದೆ. ಡಾಕ್ಟರು ಸೀರೆಯ ಮೇಲಿಂದಲೇ ಪಕ್ಕೆಯನ್ನು ಗಟ್ಟಿಯಾಗಿ ಒತ್ತಿ ನೋಡಿದರು. ಒತ್ತಿದರೆ ನನಗೆ ಅಷ್ಟೇನೂ ನೋವಿಲ್ಲ, ಸವರಿದರೆ ತಡೆಯಲಾಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಒತ್ತಿದರೆ ಇಲ್ಲದ ನೋವು ಬಟ್ಟೆ ತಾಗಿದರೆ ಬರುತ್ತದಂತೆ ಎಂದು ಡಾಕ್ಟರು ಯಜಮಾನರನ್ನು ನೋಡಿ ನಕ್ಕರು, ಯಜಮಾನರು ನನ್ನನ್ನು ನೋಡಿ ತಲೆ ತಗ್ಗಿಸಿದರು. ಆದರೂ ಅನುಮಾನ ಉಳಿಯಬಾರದೆಂದು ಹಾವೇರಿಗೆ ಹೋಗಿ ಎಕ್ಸ್‌ರೇ ಫೋಟೋ ತೆಗೆಸಿಕೊಂಡು ಬಂದೆವು. ಫೋಟೋದಲ್ಲಿ ಎಲುಬುಗಳು ಬಾಚಣಿಕೆಯ ಹಲ್ಲಿನಂತೆ ಚೊಕ್ಕಟವಾಗಿದ್ದವು. ಯಜಮಾನರು ಅದನ್ನು ಅಂಗಡಿಗೆ ಒಯ್ದು ಬಿಸಿಲಿಗೆ ಹಿಡಿದು ಕಂಡಕಂಡವರಿಗೆಲ್ಲ ತೋರಿಸಿದರು. ದಲಾಲರು ನೋಡಿದರು, ಗುಮಾಸ್ತರು ನೋಡಿದರು, ಹಮಾಲರೂ ನೋಡಿದರು. ಒಬ್ಬರಿಗೂ ನನ್ನ ನೋವು ಕಾಣಿಸಲಿಲ್ಲ. ಪೇಟೆಗೆ ಪೇಟೆಯೇ ನನ್ನ ಪಕ್ಕೆಲುಬು ಎಣಿಸಿ, ಈಕೆಗೆ ಏನೂ ಆಗಿಲ್ಲ ಎಂದು ಬಹುಮತದಿಂದ ತೀರ್ಮಾನ ಮಾಡಿತು.

ಫೋಟೋ ನೋಡಿದ ಮೇಲೆ ಅಣ್ಣಾಜಿ ಡಾಕ್ಟರು ಯಜಮಾನರಿಗೆ ಹೇಳಿದ ಮಾತು ಇದು, ನಾನು ಅಲ್ಲೇ ಕುಳಿತಿದ್ದೆ:

"ನಿಮ್ಮ ಮನಿಯವರ ನೋವು ನಿಮ್ಮ ಬ್ಯಾಡಗಿ ಮೆಣಸಿನಕಾಯಿ ಇದ್ದಂಗ ನೋಡ್ರಿ. ಬಣ್ಣ ಬಾಳ, ಖಾರ ಕಡಿಮಿ."

ಇಬ್ಬರೂ ನಕ್ಕರು. ನಾನೂ ನಕ್ಕೆ. ಯಾಕೆ ನಕ್ಕೆನೋ ಈಗಲೂ ತಿಳಿಯದು, ಡಾಕ್ಟರು ನಕ್ಕರೆ ನಗಬೇಕೆಂದು ನಕ್ಕಿರಬೇಕು. ಹೊರಗೆ ಬಂದ ಮೇಲೆ ನನ್ನ ಹಲ್ಲನ್ನು ನಾನೇ ಉದುರಿಸಿಕೊಳ್ಳಬೇಕು ಅನ್ನಿಸಿತು.

ಅಂದಿನಿಂದ ಇಂಜೆಕ್ಷನ್ ಶುರುವಾಯಿತು. ಭಾರೀ ಔಷಧ, ಪರಸ್ಥಳದಿಂದ ತರಿಸಿದ್ದು, ವಾರಕ್ಕೊಮ್ಮೆ ಎಂದರು. ಪ್ರತಿ ಗುರುವಾರ ಕಂಪೌಂಡರ ಫಕ್ಕೀರಪ್ಪ ಮನೆಗೇ ಬಂದು ಚುಚ್ಚುತ್ತಿದ್ದ. ಶನಿವಾರ ಯಜಮಾನರ ಪಾಳಿ. ಚೀಲ ಎತ್ತಿ ಇಳಿಸಿ ಅವರಿಗೆ ನಡನೋವು ಹತ್ತಿತ್ತು, ಅದಕ್ಕೆ ಶಕ್ತಿಯ ಇಂಜೆಕ್ಷನ್. ಚುಚ್ಚಿಸಿಕೊಂಡು ಐದು ನಿಮಿಷಕ್ಕೆ ಎದ್ದು ನಿಂತು, ನಡ ಅತ್ತ ಇತ್ತ ತಿರುಗಿಸಿ, ಹಗುರಾತು ಎನ್ನುತ್ತಿದ್ದರು. ಔಷಧ ಅಂದರೆ ಹೀಗೆ ಹತ್ತಬೇಕು, ಮನಸ್ಸು ಶುದ್ಧ ಇರಬೇಕು ಎಂದು ನನಗೆ ಉಪದೇಶ ಬೇರೆ.

ಹದಿನೈದು ದಿನಕ್ಕೊಮ್ಮೆ ಡಾಕ್ಟರ ಮುಂದೆ ಹೋಗಿ ಕುಳಿತುಕೊಳ್ಳಬೇಕು. ಅವರು ಹೇಗಿದೆ ಎಂದು ಕೇಳುವವರಲ್ಲ. "ಕಡಿಮಿ ಆತಲ್ಲ?" ಎಂದು ಕೇಳುವವರು. ನೀವೇ ಹೇಳಿ, ಊಟಕ್ಕೆ ಕರೆದವರು ಹೊಟ್ಟೆ ತುಂಬಿತಲ್ಲ ಎಂದು ಕೇಳಿದರೆ ಇಲ್ಲ ಎನ್ನುವವರುಂಟೇ? ಇಲ್ಲ ಎಂದರೆ ಅವರ ಕೈಗುಣಕ್ಕೆ ಮಸಿ ಬಳಿದ ಹಾಗೆ. ಬೆಂಚಿನ ಮೇಲೆ ಕೆಮ್ಮುವವರು, ಕುಂಟುವವರು, ಜ್ವರದಲ್ಲಿ ನಡುಗುವವರು ಯಾರೇ ಇರಲಿ, ಡಾಕ್ಟರು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು. ನಾನೂ ಅದನ್ನೇ ಹೇಳಿದೆ. ಪಕ್ಕೆ ಧಗಧಗ ಉರಿಯುತ್ತಿದ್ದಾಗ ಸೆರಗನ್ನು ಎರಡು ಬೆರಳಿನಿಂದ ಮೈಗೆ ತಾಗದಂತೆ ಎತ್ತಿ ಹಿಡಿದುಕೊಂಡು, ಮುಖದ ಮೇಲೆ ನಗೆ ತಂದುಕೊಂಡು, ಕಡಿಮಿ ಆಗೇತ್ರಿ ಎಂದೆ. ಒಂದು ಸಲವಲ್ಲ, ಇಪ್ಪತ್ತು ಸಲ ಎಂದೆ.

ಇಂಜೆಕ್ಷನ್ ಮುಗಿದ ಖಾಲಿ ಬಾಟಲಿಗಳನ್ನು ನಾನು ಫಕ್ಕೀರಪ್ಪನಿಂದ ಇಸಿದುಕೊಂಡು ಇಟ್ಟುಕೊಳ್ಳುತ್ತಿದ್ದೆ. ರಬ್ಬರಿನ ಮುಚ್ಚಳದ ಸಣ್ಣ ಗಾಜಿನ ಬಾಟಲಿ, ಹುಕ್ಕು, ಗುಂಡಿ, ಸೂಜಿ ಹಾಕಿಡಲು ಅನುಕೂಲ. ಮೇಲಿದ್ದ ಕಂಪನಿ ಚೀಟಿಯ ಮೇಲೆ ನನ್ನ ಚೀಟಿ ಅಂಟಿಸಿ ದೊಡ್ಡ ಹುಕ್ಕು, ಸಣ್ಣ ಹುಕ್ಕು, ಬಿಳಿ ಗುಂಡಿ ಎಂದು ಬರೆದು ಮಷೀನಿನ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದೆ. ಒಂದು ಬಾಟಲಿ ನಾಲ್ಕೈದು ವಾರ ಬರುತ್ತಿತ್ತು, ಅಷ್ಟರಲ್ಲಿ ಒಂಬತ್ತು ಬಾಟಲಿಗಳಾಗಿದ್ದವು. ನನ್ನ ಹತ್ತಿರ ಕೈಹೊಲಿಗೆಗೆ ಬರುತ್ತಿದ್ದ ಮಕ್ತುಮಬಿ ಒಂದು ದಿನ ಮಷೀನಿಗೆ ಎಣ್ಣೆ ಬಿಡುವಾಗ ಎಣ್ಣೆ ಚೆಲ್ಲಿ, ಬಿಳಿ ಗುಂಡಿಯ ಬಾಟಲಿ ತೊಯ್ದು, ನಾನು ಅಂಟಿಸಿದ ಚೀಟಿ ಜಾರಿ ಬಿತ್ತು. ಕೆಳಗಿನ ಚೀಟಿ ಕಂಡಿತು. ನಾನು ಶಾಲೆ ಕಲಿತದ್ದು ಏಳನೇ ಇಯತ್ತೆ ತನಕ. ಇಂಗ್ಲಿಷಿನಲ್ಲಿ ಬರುವುದು ಹತ್ತಿಪ್ಪತ್ತು ಶಬ್ದ, ಕ್ಯಾಟು, ಮ್ಯಾಟು, ಮಿಲ್ಕು, ವಾಟರು. ಅದರಲ್ಲಿ ಕೊನೆಯದು ಆ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿತ್ತು.

ಉಳಿದ ಎಂಟು ಬಾಟಲಿಗಳನ್ನೂ ನೀರಲ್ಲಿ ನೆನೆಸಿ ಚೀಟಿ ಕಿತ್ತೆ. ಎಂಟರಲ್ಲೂ ವಾಟರು.

ಗುರುವಾರ ಫಕ್ಕೀರಪ್ಪ ಬಂದಾಗ ಒಂಬತ್ತನ್ನೂ ಅವನ ಮುಂದೆ ಸಾಲು ಹಚ್ಚಿದೆ. ಅವನು ಒಳ್ಳೆಯವನೇ, ಸುಳ್ಳು ಹೇಳಲು ಬೇಕಾದ ತಲೆ ಇಲ್ಲದವನು. ಕಾಲಿನ ಹೆಬ್ಬೆರಳು ನೋಡುತ್ತ ನಿಂತ. ಇದು ಇಂಜೆಕ್ಷನ್ ಪುಡಿ ಕಲಸುವ ಬರೀ ನೀರು, ನೋವಿನ ಔಷಧ ಒಂದು ಹನಿಯೂ ಇಲ್ಲ ಎಂದು ಒಪ್ಪಿಕೊಂಡ. ಯಜಮಾನರಿಗೆ ಮೊದಲಿನಿಂದ ಗೊತ್ತಂತೆ, ಡಾಕ್ಟರು ಅವರನ್ನು ಕೇಳಿಯೇ ಮಾಡಿದ್ದಂತೆ. ಸುಳ್ಳು ನೋವಿಗೆ ಸುಳ್ಳು ಔಷಧ ಎಂದು ಡಾಕ್ಟರ ಲೆಕ್ಕವಂತೆ.

"ಹಂಗಾರ ನನ್ನ ನೋವು ಸುಳ್ಳು ಅಂತ ಯಾರು ಹೇಳಿದ್ರೋ?" ಎಂದೆ.

"ನೀವ ಹೇಳಿದ್ರೆಲ್ರಿ ಅಕ್ಕಾರ," ಎಂದ ಫಕ್ಕೀರಪ್ಪ. "ಪ್ರತಿ ಸಲ ಕಡಿಮಿ ಆಗೇತಿ ಅಂದ್ರಿ. ನೀರಿಗೆ ಕಡಿಮಿ ಆಗೂ ನೋವು ಖರೇ ಹೆಂಗ ಆದೀತು ಅಂತಾರ ಡಾಕ್ಟ್ರು."

ನನ್ನ ಮರ್ಯಾದೆಯ ಮಾತೇ ನನಗೆ ಉರುಲಾಗಿತ್ತು. ಆಗ ಇನ್ನೊಂದು ಮಾತು ಹೊಳೆಯಿತು. ಶನಿವಾರ ಯಜಮಾನರಿಗೆ ಕೊಡುವ ಶಕ್ತಿಯ ಇಂಜೆಕ್ಷನ್ ಯಾವುದಪ್ಪ ಎಂದು ಕೇಳಿದೆ. ಫಕ್ಕೀರಪ್ಪ ಈ ಸಲ ಎರಡೂ ಹೆಬ್ಬೆರಳು ನೋಡಿದ.

"ಇಬ್ಬರಿಗೂ ಒಂದ ಬಾಟ್ಲಿ ರೀ," ಎಂದ.

ಮಕ್ತುಮಬಿ ಬಾಯಿಗೆ ಸೆರಗು ತುರುಕಿಕೊಂಡು ಹಿತ್ತಲಿಗೆ ಓಡಿದಳು. ಅವಳು ನಗುವ ಸದ್ದು ಮುಂಬಾಗಿಲ ತನಕ ಕೇಳಿಸಿತು. ನನಗೆ ನಗು ಬರಲಿಲ್ಲ.

ಯಜಮಾನರು ಊಟಕ್ಕೆ ಬಂದಾಗ ನನ್ನ ನೀರಿನ ಕತೆಯನ್ನಷ್ಟೇ ಎತ್ತಿದೆ, ಅವರದನ್ನು ಬಾಯಲ್ಲೇ ಇಟ್ಟುಕೊಂಡೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು, ಹೇಳಿಬಿಟ್ಟರೆ ಗುಣ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದರು ಎಂದರು. ನನಗೆ ಚುಚ್ಚಿದ್ದನ್ನು ನನಗೇ ಹೇಳಬೇಕು ಅಂತ ಅನ್ನಿಸಲಿಲ್ಲವೇ ಎಂದರೆ, ನಿನಗೆ ಹೇಳಿ ಏನು ಮಾಡುವುದು, ನನಗೆ ಹೇಳಿದ್ದರಲ್ಲ ಎಂದರು. ಮೈ ನನ್ನದು, ಸೂಜಿ ನನ್ನ ಮೈಗೆ, ಒಪ್ಪಿಗೆ ಮಾತ್ರ ಇವರದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅವರು ಬರೆಯನ್ನಾದರೂ ಹಾಕಿದರು, ಇವರು ನೀರು ಚಿಮುಕಿಸಿದರು.

ಮರುದಿನ ನಾನೇ ದವಾಖಾನೆಗೆ ಹೋದೆ. ಜಗಳಕ್ಕಲ್ಲ, ನನಗೆ ಏನೇನು ಕೊಟ್ಟಿದ್ದೀರಿ ಅದನ್ನು ಒಂದು ಕಾಗದದ ಮೇಲೆ ಬರೆದುಕೊಡಿ ಎಂದು ಕೇಳಲು. ಅಣ್ಣಾಜಿ ಡಾಕ್ಟರು ನನ್ನ ಹಿಂದೆ ಬಾಗಿಲ ಕಡೆ ನೋಡಿದರು, ಜೊತೆಗೆ ಯಾರು ಬಂದಿದ್ದಾರೆ ಎಂದು. ಯಾರೂ ಇಲ್ಲ ಎಂದೆ. ಹಾಗಾದರೆ ಯಜಮಾನರನ್ನು ಕಳಿಸು, ಅವರ ಹತ್ತಿರ ಮಾತಾಡುತ್ತೇನೆ, ಪೇಷಂಟಿನ ಕೈಯಲ್ಲಿ ಕಾಗದ ಕೊಡುವ ಪದ್ಧತಿ ಇಲ್ಲ ಎಂದರು. ಮುಂದಿನವರನ್ನು ಕರೆದು ಕಡಿಮಿ ಆತಲ್ಲ ಎಂದು ಕೇಳಿದರು. ಆ ಮುದುಕಿ ಹೌದ್ರಿ ಎಂದು ಹೇಳಿ ಕೆಮ್ಮಲಿಕ್ಕೆ ಹತ್ತಿದಳು.

ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಹೆಣ್ಣುಮಗಳೊಬ್ಬಳು ಹೊಸದಾಗಿ ದವಾಖಾನೆ ತೆಗೆದಿದ್ದಾಳೆ, ಬಾಳ ಪ್ರಶ್ನೆ ಕೇಳುತ್ತಾಳೆ ಎಂದು ಗಿರಾಕಿಯೊಬ್ಬಳು ದೂರು ಹೇಳಿದ್ದು ನೆನಪಿತ್ತು. ಆ ದೂರಿನ ಮೇಲೆ ಭರವಸೆ ಇಟ್ಟು ಮಕ್ತುಮಬಿಯನ್ನು ಕಟ್ಟಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಸೆರಗನ್ನು ಎತ್ತಿ ಹಿಡಿದು ನಿಂತೇ ಬಂದೆ, ಸೀಟಿನಲ್ಲಿ ಕುಳಿತರೆ ಪಕ್ಕದವರು ತಾಗುತ್ತಾರೆ. ಕಂಡಕ್ಟರನು ಕುಂದ್ರಬಾರದೇನ್ ಅಕ್ಕಾ ಎಂದು ಮೂರು ಸಲ ಬೈದ.

ಡಾಕ್ಟರ್ ಸುಲಭಾಬಾಯಿಯವರೂ ಈ ಸೀಮೆಯವರೇ ಅಲ್ಲವೇ, ನಾವು ಕುಳಿತ ಕೂಡಲೇ ಮಕ್ತುಮಬಿಯ ಮುಖ ನೋಡಿ ಇವರಿಗೆ ಏನಾಗಿದೆ ಎಂದು ಕೇಳಿದರು. ಮಕ್ತುಮಬಿ ಡಾಕ್ಟರನ್ನು ಅರೆಬುದ್ಧಿಯವರನ್ನು ನೋಡುವ ಹಾಗೆ ನೋಡಿದಳು.

"ನನಗೇನ್ ಗೊತ್ರಿ ಬಾಯಾರ? ನೋವು ಆಕಿದು. ಆಕಿನ್ನ ಕೇಳ್ರಿ."

ಸುಲಭಾಬಾಯಿ ತಪ್ಪಾತು ಎಂದು ನಕ್ಕು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಒಬ್ಬ ಡಾಕ್ಟರು ನನ್ನನ್ನು ಕೇಳಿದ್ದು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಅತ್ತುಬಿಟ್ಟೆ. ಆಮೇಲೆ ಎಲ್ಲ ಹೇಳಿದೆ, ನೀರಿನ ಬಾಟಲಿ ತನಕ. ಅವರು ಪಕ್ಕೆ ಒತ್ತಲಿಲ್ಲ. ಹತ್ತಿಯ ಒಂದು ಎಳೆ ತೆಗೆದು ಹುಣ್ಣಿದ್ದ ಜಾಗದ ಮೇಲೆ ಸವರಿದರು, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಚರ್ಮ ಮಾಯ್ದಿದೆ, ಒಳಗಿನ ನರ ಮಾಯ್ದಿಲ್ಲ ಎಂದರು. ಇದು ಎಕ್ಸ್‌ರೇಯಲ್ಲಿ ಕಾಣುವ ಮಾಲಲ್ಲ, ಒತ್ತಿದರೆ ಸುಮ್ಮನಿದ್ದು ಸವರಿದರೆ ಉರಿಯುವುದೇ ಇದರ ಗುರುತು ಎಂದರು. ಇನ್ನೊಂದು ಮಾತು ಹೇಳಿದರು: ನೀರು ಚುಚ್ಚಿದರೂ ಕೆಲವರ ಖರೇ ನೋವು ಒಂದಿಷ್ಟು ಹೊತ್ತು ಇಳಿಯುತ್ತದೆ, ಅಷ್ಟರಿಂದ ನೋವು ಸುಳ್ಳಾಗುವುದಿಲ್ಲ. ಒಂದು ಸಣ್ಣ ಗುಳಿಗೆ ಬರೆದುಕೊಟ್ಟರು. ಇದನ್ನು ಮನಸ್ಸಿನ ಕಾಯಿಲೆಗೂ ಕೊಡುತ್ತಾರೆ, ಔಷಧದ ಅಂಗಡಿಯವನು ಏನಾದರೂ ಅಂದಾನು, ನಿಮಗೆ ಕೊಟ್ಟಿರುವುದು ನರಕ್ಕೆ, ಬಾಯಿ ಒಣಗುತ್ತದೆ, ತೂಕಡಿಕೆ ಬರುತ್ತದೆ, ನೋವು ಪೂರ್ತಿ ಹೋಗದೆಯೂ ಇರಬಹುದು, ತಗೊಳ್ಳುವುದು ಬಿಡುವುದು ನಿಮ್ಮ ಇಚ್ಛೆ ಎಂದರು. ಎಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು, ಅದನ್ನು ನನ್ನ ಕೈಗೇ ಕೊಟ್ಟರು. ಆ ಹಾಳೆಯನ್ನು ಮಡಚಿ ಎಲ್ಲಿಡಬೇಕೋ ತಿಳಿಯಲಿಲ್ಲ, ಇಡಲು ಜಂಪರು ಇರಲಿಲ್ಲವಲ್ಲ.

ಹದಿನೈದು ದಿನ ಬಿಟ್ಟು ಹೋದಾಗ ಸುಲಭಾಬಾಯಿ ಕೇಳಿದರು, ಹೇಗಿದೆ ಎಂದು. ಬಾಯಿ ತಾನಾಗಿಯೇ "ಕಡಿ..." ಎಂದಿತು. ಅಷ್ಟರಲ್ಲಿ ಹಿಡಿದುಕೊಂಡೆ. ನಾಲಿಗೆ ಒಣಗಿತ್ತು, ಅದು ಗುಳಿಗೆಯಿಂದಲೋ ಭಯದಿಂದಲೋ. ಎದುರಿಗೆ ಕುಳಿತ ಡಾಕ್ಟರ ಮುಖಕ್ಕೆ ನೇರವಾಗಿ, ನನ್ನ ಜೀವಮಾನದಲ್ಲೇ ಮೊದಲ ಸಲ, ಆ ಮಾತು ಆಡಿದೆ.

"ಇಲ್ರಿ. ಏನೂ ಕಡಿಮಿ ಆಗಿಲ್ಲ."

ಮೇಲಿನ ಜಂತಿ ಕಳಚಿ ಬೀಳುತ್ತದೆ ಎಂದುಕೊಂಡಿದ್ದೆ. ಸುಲಭಾಬಾಯಿ ಸಿಟ್ಟಾಗಲಿಲ್ಲ, ಹೇಳಿದ್ದು ಚೊಲೋ ಆತು ಎಂದು ಹಾಳೆಯ ಮೇಲೆ ಬರೆದುಕೊಂಡು ಗುಳಿಗೆಯ ಪ್ರಮಾಣ ಹೆಚ್ಚು ಮಾಡಿದರು. ಒಂದು ಇಲ್ಲಕ್ಕೆ ಇಷ್ಟು ಬೆಲೆ ಇದೆ ಎಂದು ಗೊತ್ತಿದ್ದರೆ ವರ್ಷದ ಹಿಂದೆಯೇ ಊರೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ.

ಎರಡು ತಿಂಗಳಿಗೆ ಹದಿನಾರಾಣೆ ನೋವು ಆರಾಣೆಗೆ ಇಳಿಯಿತು. ಆರಾಣೆ ಹಾಗೇ ಉಳಿಯಿತು, ಈಗಲೂ ಇದೆ. ಹಳೇ ಮಲ್‌ಮಲ್ ಬಟ್ಟೆ ತೆಗೆದುಕೊಂಡು, ಎಡಬದಿಗೆ ಹೊಲಿಗೆಯೇ ಬರದ ಹಾಗೆ ಕತ್ತರಿಸಿ, ನನಗೆ ನಾನೇ ಒಂದು ಜಂಪರು ಹೊಲಿದುಕೊಂಡೆ. ತೊಟ್ಟು ಕನ್ನಡಿಯ ಮುಂದೆ ಒಂದು ತಾಸು ಸುಮ್ಮನೆ ಕುಳಿತೆ. ಮಕ್ತುಮಬಿ ಹುಕ್ಕು ಹಚ್ಚುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಔಷಧದ ಅಂಗಡಿಯವನು ತನ್ನ ಕೆಲಸ ಮಾಡಿದ್ದ. ನಿಮ್ಮ ಮನೆಯವರು ತಲೆ ಕೆಟ್ಟವರ ಗುಳಿಗೆ ತಗೊಳ್ಳುತ್ತಿದ್ದಾರೆ ಎಂದು ಯಜಮಾನರ ಕಿವಿಗೆ ಹಾಕಿದ್ದ. ಅವರು ಗೆದ್ದ ಪೈಲ್ವಾನನ ಹಾಗೆ ಮನೆಗೆ ಬಂದರು. ನೋಡು, ಕೊನೆಗೂ ಮನಸ್ಸಿನದೇ ಆಯಿತಲ್ಲ, ಅಣ್ಣಾಜಿ ಡಾಕ್ಟರು ಮೊದಲೇ ಹೇಳಿದ್ದರು, ನೀರಿಗೆ ಇಳಿಯುವ ನೋವು ನೋವೇ ಅಲ್ಲ ಎಂದರು. ಅಂದು ಶನಿವಾರ, ಆಗಷ್ಟೇ ಇಂಜೆಕ್ಷನ್ ಮಾಡಿಸಿಕೊಂಡು ನಡ ತಿರುಗಿಸುತ್ತಿದ್ದರು.

ಮೂರು ತಿಂಗಳು ಬಾಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಉಗುಳಿದೆ. ಅವರ ಮೈಗೆ ಏನು ಹೋಗುತ್ತಿದೆ ಎಂದು ಅವರಿಗೆ ತಿಳಿಯಬೇಕು ಎಂಬುದು ಅರ್ಧ ಧರ್ಮ, ಉಳಿದರ್ಧ ಸೇಡು. ಸುಳ್ಳು ಯಾಕೆ ಹೇಳಲಿ?

"ನಿಮಗೂ ಅದ ನೀರ ಚುಚ್ಚಾಕತ್ತಾರ್ರಿ. ಒಂದ ಬಾಟ್ಲಿ. ಹಂಗಾರ ನಿಮ್ಮ ನೋವೂ ನೋವಲ್ಲ."

ನಂಬಲಿಲ್ಲ. ನನ್ನದು ಖರೇ ನೋವು ಎಂದರು. ಫಕ್ಕೀರಪ್ಪನನ್ನು ಹಿಡಿದು ಕೇಳಲು ಅಂಗಿ ತೊಟ್ಟು ಹೋದರು. ಅವನು ಹೆಬ್ಬೆರಳು ನೋಡಿರಬೇಕು. ತಿರುಗಿ ಬರುವಾಗ ಒಂದು ಕೈ ನಡದ ಮೇಲೆ, ಒಂದು ಕೈ ಗೋಡೆಯ ಮೇಲೆ. ಅಂದು ಮಲಗಿದವರು ನಾಲ್ಕು ದಿನ ಏಳಲಿಲ್ಲ. ಒಂದು ವರ್ಷ ನೀರು ಹಿಡಿದು ನಿಲ್ಲಿಸಿದ್ದ ನೋವೆಲ್ಲ ಬಡ್ಡಿ ಸಮೇತ ಬಂದ ಹಾಗಿತ್ತು. ಮಗ್ಗುಲಾಗಲು ಯಪ್ಪಾ, ಏಳಲು ಯವ್ವಾ. ಖುಷಿಯಾಗಬೇಕಿತ್ತು, ಮೊದಲ ದಿನ ಆಯಿತು ಕೂಡ. ಎರಡನೇ ದಿನ ಅವರು ಚೊಂಬು ಎತ್ತಿಕೊಳ್ಳಲಾಗದೆ ಕಣ್ಣು ಒರೆಸಿಕೊಂಡದ್ದು ಕಂಡು ನಾನೇ ಚೊಂಬು ಎತ್ತಿ ಅವರ ಬಾಯಿಗೆ ಹಿಡಿದೆ. ನೋವು ನನಗೆ ಗೊತ್ತಿತ್ತು, ಅದೇ ತೊಂದರೆ.

ಐದನೇ ದಿನ ನಾನೇ ಅವರನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋದೆ. ಜಂಪರು ತೊಟ್ಟಿದ್ದೆ, ಬಸ್ಸಿನಲ್ಲಿ ಸೀಟಿನ ಮೇಲೆ ಕುಳಿತಿದ್ದೆ. ನಿಂತದ್ದು ಅವರು, ಕುಳಿತರೆ ನಡ ಹಿಡಿಯುತ್ತದೆ ಎಂದು. ಕಂಡಕ್ಟರನು ಅವರನ್ನೂ ಬೈದ.

ಹಳೇ ರೂಢಿ ಬಾಗಿಲಿಂದ ಹಾಕಿದರೆ ಕಿಟಕಿಯಿಂದ ಬರುತ್ತದೆ. ಸುಲಭಾಬಾಯಿ ಮತ್ತೆ ಜೊತೆಗೆ ಬಂದವರ ಕಡೆ, ಅಂದರೆ ನನ್ನ ಕಡೆಯೇ ತಿರುಗಿ ಕೇಳಿದರು.

"ಏನಾಗ್ಯದ ಇವರಿಗೆ?"

ಯಜಮಾನರು ನನ್ನ ಮುಖ ನೋಡಿದರು. ಹಾಗೆ ಅವರು ನನ್ನನ್ನು ಎಂದೂ ನೋಡಿರಲಿಲ್ಲ. ನನಗೆ ಧೋತರ ನೆನಪಾಯಿತು, ಬಿಸಿಲಿಗೆ ಹಿಡಿದ ಎಕ್ಸ್‌ರೇ ನೆನಪಾಯಿತು, ಬಣ್ಣ ಬಾಳ ಖಾರ ಕಡಿಮಿ ನೆನಪಾಯಿತು. ಏನಿಲ್ಲ ಬಾಯಾರ, ಎಲ್ಲಾ ಮನಸ್ಸಿಂದು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವರು ಅದು ಬರುವುದನ್ನೇ ಕಾಯುತ್ತಿದ್ದರು.

"ಅವರನ್ನ ಕೇಳ್ರಿ," ಎಂದೆ. "ನೋವು ಅವರದು."

ಸುಲಭಾಬಾಯಿ ಕುರ್ಚಿ ತಿರುಗಿಸಿ ಅವರನ್ನು ಕೇಳಿದರು. ಯಜಮಾನರು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದರು, ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕಣ್ಣು ತುಂಬಿತ್ತು. ಡಾಕ್ಟರು ತಮ್ಮನ್ನೇ ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಮುಖದ ಮೇಲೆ ನಗೆ ತಂದುಕೊಂಡರು.

"ಏನಿಲ್ರಿ ಬಾಯಾರ," ಎಂದರು. "ಈಗ ಕಡಿಮಿ ಆಗೇತ್ರಿ."

ಸುಲಭಾಬಾಯಿ ಪೆನ್ನು ಕೈಗೆ ತೆಗೆದುಕೊಂಡರು.

"ಇನ್ನೊಮ್ಮೆ ಕೇಳ್ರಿ," ಎಂದೆ ನಾನು.